ದೊರೆಮನೆಯ ತೋಟದಲ್ಲಿ ಚಪ್ಪರದವರೆ

ಹೆಮ್ಮೆ ಎನ್ನುವುದು ನೆಗಡಿಯ ಹಾಗೆ. ಹಿಡಿದವರಿಗೆ ತಾವು ಚೆನ್ನಾಗಿಯೇ ಮುಚ್ಚಿಕೊಂಡಿದ್ದೇವೆ ಅನ್ನಿಸುತ್ತದೆ. ಎದುರಿಗಿದ್ದವರಿಗೆ ಬಾಯಿ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ. ನನಗೆ ಸೆಪ್ಟೆಂಬರಿನಿಂದ ಈ ನೆಗಡಿ ಹಿಡಿದಿದೆ. ಅದಕ್ಕೆ ಮೊದಲು ನಾನು ಹೆಮ್ಮೆಪಡುವಂಥ ಯಾವ ವಸ್ತುವನ್ನೂ ಇಟ್ಟುಕೊಂಡವಳಲ್ಲ. ಡಾಲಸ್ಸಿನ ಉತ್ತರಕ್ಕಿರುವ ಅಲೆನ್‌ನಲ್ಲಿ ನಮ್ಮ ಮನೆ. ಇಲ್ಲಿ ಮನೆಗಳೆಲ್ಲ ಒಂದೇ ಎರಕದವು. ಅದೇ ಇಟ್ಟಿಗೆ, ಅದೇ ಗರಾಜು, ಅದೇ ಉದ್ದಕ್ಕೆ ಕತ್ತರಿಸಿದ ಹುಲ್ಲು. ಹೊಸದಾಗಿ ಬಂದ ವಾರದಲ್ಲಿ ನಾನು ಪಕ್ಕದವರ ಗರಾಜಿನ ಮುಂದೆ ಕಾರು ನಿಲ್ಲಿಸಿ, ಎಷ್ಟು ಒತ್ತಿದರೂ ಬಾಗಿಲು ತೆರೆಯಲಿಲ್ಲವೆಂದು ರಿಮೋಟಿನ ಬ್ಯಾಟರಿ ಬದಲಾಯಿಸುತ್ತ ಕೂತಿದ್ದೆ. ಒಳಗಿನಿಂದ ಆ ಮನೆಯವರು ಪರದೆ ಸರಿಸಿ ನೋಡಿ, ಪಾಪ, ಕೈ ಬೀಸಿದರು. ನಾನೂ ಬೀಸಿದೆ. ನನ್ನ ಮನೆಯೊಳಗೆ ಇವರು ಯಾಕೆ ಇದ್ದಾರೆ ಎನ್ನುವ ಪ್ರಶ್ನೆ ಆಮೇಲೆ ಬಂತು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ದಿನಚರಿ ಬರೆಯುವವಳು. ದಿನಚರಿ ಎಂದರೆ ಮನಸ್ಸಿನ ಅಲೆಗಳನ್ನು ದಾಖಲಿಸುವ ಕೆಲಸ ಎಂದುಕೊಂಡವರು ನನ್ನ ಪುಟಗಳನ್ನು ನೋಡಿದರೆ ನಿರಾಶರಾಗುತ್ತಾರೆ. ಯಾವ ಗಿಡಕ್ಕೆ ಯಾವ ದಿನ ಗೊಬ್ಬರ, ಟೊಮ್ಯಾಟೊ ಬಿಟ್ಟಿದ್ದೆಷ್ಟು, ಅದರಲ್ಲಿ ನಮಗೆಷ್ಟು, ಅಳಿಲಿಗೆಷ್ಟು, ಇಂಥವೇ. ನನ್ನ ಗಂಡ ಗಿರೀಶ ಒಂದು ಸಲ ಹಳೆಯ ಸಂಪುಟ ತಿರುವಿ, "ಮದುವಿ ದಿನದ ಪುಟದಾಗ ನನ್ನ ಹೆಸರ ಇಲ್ಲಲ್ಲ" ಎಂದು ಕೇಳಿದ. ನಿಜ. ಅಲ್ಲಿ ಮುಹೂರ್ತದ ಸಮಯ, ಊಟಕ್ಕೆ ಕೂತ ಪಂಕ್ತಿಗಳು ಮತ್ತು "ಮಳೆ ಇಲ್ಲ" ಎಂದಷ್ಟೇ ಇತ್ತು. ಬದಲಾಗದೆ ಉಳಿಯುವುದನ್ನು ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ ಎಂದು ಹೇಳಿ ಪಾರಾದೆ.

ಗಿರೀಶನ ತಾಯಿ, ನನ್ನ ಅತ್ತೆ, ನಮ್ಮ ಜೊತೆಯಲ್ಲೇ ಇದ್ದಾರೆ. ಧಾರವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಪ್ಪು ಉತ್ತರ ಬರೆದ ಹುಡುಗನಿಗಿಂತ ಸರಿ ಉತ್ತರವನ್ನು ತಪ್ಪು ದಾರಿಯಲ್ಲಿ ತಲುಪಿದ ಹುಡುಗನ ಮೇಲೆ ಹೆಚ್ಚು ಸಿಟ್ಟು ಮಾಡಿಕೊಳ್ಳುತ್ತಿದ್ದವರು. ಕಾರು ಓಡಿಸಲು ಬಾರದು. ಅಲೆನ್‌ನಲ್ಲಿ ಕಾರು ಬಾರದವರಿಗೆ ಜಗತ್ತು ಮನೆಯ ಮುಂದಿನ ಕಾಲುದಾರಿಯಷ್ಟೇ. ಆ ಕಾಲುದಾರಿಯ ಮೇಲೂ ಮೊದಲಿಗೆ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ನಾಯಿ ಹಿಡಿದುಕೊಂಡು ಹೋಗುವವರು ಹಲ್ಲು ಕಿರಿದು ಮುಂದೆ ನಡೆಯುತ್ತಿದ್ದರು. "ನಾಯಿ ನಿಂತರೂ ಮಂದಿ ನಿಲ್ಲಂಗಿಲ್ಲ" ಎಂದು ಅತ್ತೆ ನೊಂದುಕೊಂಡಿದ್ದರು.

ಇದನ್ನು ಬದಲಾಯಿಸಿದ್ದು ಚಪ್ಪರದವರೆ. ಆಸ್ಟಿನ್ನಿನಲ್ಲಿರುವ ನನ್ನ ತಂಗಿ ಮೈಥಿಲಿ ತನ್ನ ಬಾಲ್ಕನಿಯ ತೊಟ್ಟಿಯಲ್ಲಿ ಬೆಳೆದ ಬಳ್ಳಿಯಿಂದ ಒಂದು ಹಿಡಿ ಬೀಜ ಕೊಟ್ಟಳು. ಹ್ಯೂಸ್ಟನ್ನಿನಲ್ಲಿರುವ ಗಿರೀಶನ ಅಣ್ಣನಿಗೆ ಫೋನು ಮಾಡಿ ಹೇಳಿದಾಗ, ಅಲೆನ್ನಿನ ಜಿಗುಟು ಮಣ್ಣಿನಲ್ಲಿ ಏನೂ ಬರುವುದಿಲ್ಲವೆಂದೂ, ಹ್ಯೂಸ್ಟನ್ನಿನ ಮಣ್ಣಿಗಾದರೆ ಬೀಜ ತೋರಿಸಿದರೆ ಸಾಕೆಂದೂ ಹೇಳಿದರು. ಅತ್ತೆ ಮರುದಿನವೇ ಸಲಿಕೆ ಹಿಡಿದರು. ಮುಂಬಾಗಿಲಿಗೆ ಬರುವ ದಾರಿಯ ಎರಡೂ ಬದಿ ಬೀಜ ಊರಿ, ನಡುವೆ ಕಬ್ಬಿಣದ ಕಮಾನು ನಿಲ್ಲಿಸಿದರು. ಹಿತ್ತಲಲ್ಲಿ ಬಿಸಿಲೇ ಬೀಳುವುದಿಲ್ಲ. ಹಿಂದಿನವರ ಎರಡಂತಸ್ತಿನ ಮನೆಯೂ ಅವರ ಓಕ್ ಮರವೂ ಅದನ್ನೆಲ್ಲ ತಾವೇ ಕುಡಿದುಬಿಡುತ್ತವೆ. ಮೈಸೂರಿನವಳಾದ ನನಗೆ ಅವರೆ ಎಂದರೆ ಚಳಿಗಾಲ, ಸೊಗಡು, ಹಿಸುಕಿದ ಬೇಳೆಯ ಸಾರು. ಕಾಯಿಯನ್ನು ಸಿಪ್ಪೆಸಮೇತ ತಿನ್ನುವ ಈ ಚಪ್ಪರದವರೆ ನಮ್ಮಲ್ಲಿ ಎರಡನೇ ದರ್ಜೆಯದು. ಒಂದು ದಿನ ಬಾಯಿತಪ್ಪಿ ಹಾಗೆಂದೆ. "ಸಿಪ್ಪಿ ಬಿಸಾಕಿ ಕಾಳ ಸುಲದು, ಮತ್ತ ಆ ಕಾಳಿನ ಸಿಪ್ಪಿನೂ ಹಿಸುಕಿ ಬಿಸಾಕತೀರಿ. ಕಡಿಗೆ ತಿನ್ನೂದ ಏನ ಉಳೀತು?" ಎಂದು ಕೇಳಿದರು. ಗಣಿತದವರ ಹತ್ತಿರ ವಾದ ಮಾಡಬಾರದು.

ಆಗಸ್ಟ್ ಹೊತ್ತಿಗೆ ಬಳ್ಳಿ ಕಮಾನನ್ನು ಮುಚ್ಚಿ, ನೇರಳೆ ಹೂವಿನ ಗೊಂಚಲು ಎತ್ತಿ ನಿಂತಿತು. ಹಿಂದೆಯೇ ಎಳೆಗಾಯಿ, ಅದೂ ನೇರಳೆ, ಎಣ್ಣೆ ಸವರಿದ ಹಾಗೆ ಮಿನುಗುವಂಥದು. ಆಗ ಜನ ನಿಂತರು. ಅಂಚೆ ತರುವ ಹೆಂಗಸು ನಿಂತಳು. ಮೂಲೆಮನೆಯ ಚೀನೀ ಅಜ್ಜಿ ನಿಂತು, ತನ್ನ ಭಾಷೆಯಲ್ಲಿ ಏನೋ ಹೇಳಿ, ಕಾಯಿ ಹಿಚುಕಿ ನೋಡಿ ತಲೆದೂಗಿದರು. ಅತ್ತೆ ಧಾರವಾಡದ ಕನ್ನಡದಲ್ಲಿ ಉತ್ತರಿಸಿದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು ಮತ್ತು ಇಬ್ಬರಿಗೂ ಪಲ್ಯ ಮಾಡುವ ಕ್ರಮದ ಬಗ್ಗೆ ಭಿನ್ನಾಭಿಪ್ರಾಯವಿತ್ತೆಂದು ನನಗೆ ಸ್ಪಷ್ಟವಾಗಿ ತಿಳಿಯಿತು. ಸಂಜೆಯಾದರೆ ಅತ್ತೆ ಕುರ್ಚಿ ಹಾಕಿಕೊಂಡು ಕಮಾನಿನ ಕೆಳಗೆ ಕೂರತೊಡಗಿದರು. ಬಂದವರಿಗೆಲ್ಲ ಒಂದೊಂದು ಹಿಡಿ ಕಾಯಿ.

ಅಂಥ ಒಂದು ಸಂಜೆ ಶ್ರೀಕಂಠ ಅಂಕಲ್ ಬಂದರು. ಇಲ್ಲಿ ಪ್ರತಿ ಬಡಾವಣೆಗೂ ಮನೆಮಾಲೀಕರ ಸಂಘವೊಂದು ಇರುತ್ತದೆ. ಹುಲ್ಲು ಎಷ್ಟು ಉದ್ದವಿರಬೇಕು, ಬೇಲಿಗೆ ಯಾವ ಬಣ್ಣ ಎಂಬುದೆಲ್ಲ ಅವರ ಕೈಯಲ್ಲಿ. ನಮ್ಮ ಸಂಘದ ಅಧ್ಯಕ್ಷರಾದ ಇವರು ಬೆಂಗಳೂರಿನವರು. ಅಧ್ಯಕ್ಷರು ನಮ್ಮವರೇ ಎಂದು ತಿಳಿದಾಗ ನಾನು ಸಂತೋಷಪಟ್ಟಿದ್ದೆ. ಅಮೆರಿಕದ ಹುಲ್ಲನ್ನು ಅಮೆರಿಕದವರಿಗಿಂತ ಹೆಚ್ಚು ನಿಷ್ಠೆಯಿಂದ ಕಾಯುವವರು ನಮ್ಮವರು ಎಂಬುದು ಆಮೇಲೆ ತಿಳಿಯಿತು.

"ನೋಡಮ್ಮ ಮಾನಸ, ನಾನು ಅಧ್ಯಕ್ಷನಾಗಿ ಬಂದಿಲ್ಲ, ಅಂಕಲ್ ಆಗಿ ಬಂದಿದೀನಿ. ಅಧ್ಯಕ್ಷನಾಗಿ ಬಂದಿದ್ರೆ ಶೂ ಬಿಚ್ತಾನೇ ಇರ್ಲಿಲ್ಲ" ಎಂದು ಸೋಫಾದಲ್ಲಿ ಕೂತರು. "ಮುಂದುಗಡೆ ತರಕಾರಿ ಬೆಳೆಯೋ ಹಾಗಿಲ್ಲ. ಅಲಂಕಾರದ ಗಿಡ ಏನು ಬೇಕಾದ್ರೂ ಹಾಕ್ಕೊಳ್ಳಿ."

"ಇದಕ್ಕೂ ಹೂವಾ ಬಿಡತೈತ್ರೀ" ಎಂದರು ಅತ್ತೆ.

"ಬಿಡುತ್ತೆ ಮೇಡಂ. ಆಮೇಲೆ ಕಾಯಿ ಬಿಡುತ್ತಲ್ಲ, ಅದೇ ತೊಂದರೆ."

"ಕಾಯಿ ಬಿಡೂದ ತಪ್ಪೇನ್ರೀ?"

"ಮುಂದುಗಡೆ ತಪ್ಪು. ಹಿಂದುಗಡೆ ಬಿಟ್ರೆ ಯಾರೂ ಕೇಳಲ್ಲ."

ಕಾಫಿ ಕುಡಿದು, ಇನ್ನೊಂದು ಸುತ್ತು ಕಾಫಿ ಕುಡಿದು, ಸೆಪ್ಟೆಂಬರಿನ ಸಭೆಯಲ್ಲಿ ವಿಷಯ ಬರುತ್ತದೆಂದೂ, ಅಷ್ಟರಲ್ಲಿ ಏನಾದರೂ ಹೇಳಿಕೊಳ್ಳುವುದಿದ್ದರೆ ತಯಾರು ಮಾಡಿಕೊಳ್ಳಬೇಕೆಂದೂ, ಇಲ್ಲದಿದ್ದರೆ ಬಳ್ಳಿ ಕೀಳಲೇಬೇಕೆಂದೂ ಹೇಳಿ ಹೊರಟರು. ಅತ್ತೆ ಅವರ ಕೈಗೂ ಒಂದು ಹಿಡಿ ಕಾಯಿ ಇಟ್ಟರು. ಅಂಕಲ್ ಆಗಿ ಬಂದಿದ್ದವರಾದ್ದರಿಂದ ತೆಗೆದುಕೊಂಡರು.

ಆ ರಾತ್ರಿ ಅತ್ತೆ ಊಟದ ಹೊತ್ತಿನಲ್ಲಿ ಒಂದೇ ಮಾತು ಆಡಿದ್ದು. "ಬಳ್ಳಿ ಹೋದ್ರ ಆ ಚೀನಾದಾಕಿ ಇಲ್ಲಿ ಯಾಕ ನಿಂದರತಾಳ?"

ಆಗಸ್ಟಿನ ಕೊನೆಯಲ್ಲಿ ಹುಬ್ಬಳ್ಳಿಯಲ್ಲಿ ಒಂದು ಮದುವೆ ಇತ್ತು. ನಾನೂ ಅತ್ತೆಯೂ ಹೋಗಿ, ಬರುವಾಗ ಲಂಡನ್ನಿನಲ್ಲಿ ಮೂರು ದಿನ ಉಳಿಯುವುದೆಂದು ಮೊದಲೇ ನಿಶ್ಚಯವಾಗಿತ್ತು. ಗಿರೀಶ ಬಳ್ಳಿಗೆ ನೀರುಣಿಸಲು ಅಲೆನ್ನಿನಲ್ಲೇ ಉಳಿದ. ದಿನಕ್ಕೊಂದು ಫೋಟೊ ಕಳಿಸಬೇಕು, ಒಂದೇ ಜಾಗದಲ್ಲಿ ನಿಂತು ತೆಗೆಯಬೇಕು ಎಂದು ನಾನು ತಾಕೀತು ಮಾಡಿದ್ದೆ. ಲಂಡನ್ನಿನ ಮೂರು ದಿನಗಳನ್ನು ಗಂಟೆಗಂಟೆಯ ಲೆಕ್ಕದಲ್ಲಿ ನಾನೇ ಹೊಂದಿಸಿದ್ದೆ. ಅದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಎರಡನೆಯ ದಿನ. ಲಂಡನ್ನಿನಿಂದ ರೈಲು, ರೈಲಿನಿಂದ ಬಸ್ಸು, ಬಸ್ಸಿನಿಂದ ಕಾಲ್ನಡಿಗೆ, ಅಲ್ಲಿ ಒಂದು ಹಳ್ಳಿಯ ದೊರೆಮನೆ ಮತ್ತು ಅದರ ಸುತ್ತ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ತೋಟ. ಆ ಮನೆಯ ಹೆಸರನ್ನು ನಾನು ಹೇಳುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಹಿಂದಿನ ಸಂಜೆ ಅತ್ತೆ ವಿಚಾರಣೆ ಶುರುಮಾಡಿದರು. "ಯಾರ ಮನಿ ಅದು?"

"ಯಾರೋ ಒಬ್ಬ ಲಾರ್ಡ್‌ದು ಅತ್ತೆ. ನಾನೂರು ವರ್ಷದ ಮನೆಯಂತೆ."

"ಈಗ ಯಾರ ಇರತಾರ?"

"ಅವರ ವಂಶದವರೇ ಒಂದು ಕಡೆ ವಾಸ ಇದ್ದಾರಂತೆ. ಮಿಕ್ಕಿದ್ದು ನಮ್ಮಂಥವರಿಗೆ ನೋಡೋದಕ್ಕೆ."

"ಹಂಗಾರ ಖಾಲಿ ಕೈಲೆ ಹೋಗೂದ ಚಂದ ಅಲ್ಲ."

"ಅತ್ತೆ, ಟಿಕೆಟ್ ತಗೊಂಡು ಹೋಗ್ತಿದೀವಿ."

"ಟಿಕೀಟ ತಗೊಂಡ್ರ ಅದು ಮನಿ ಅಲ್ಲದ ಹೋಗತೈತೇನು?"

ಮದುವೆಮನೆಯಿಂದ ಕಟ್ಟಿಸಿಕೊಂಡು ಬಂದಿದ್ದ ಶೇಂಗಾ ಹೋಳಿಗೆಯ ಡಬ್ಬಿ ಬೆಳಿಗ್ಗೆ ಅವರ ಕೈಚೀಲದಲ್ಲಿತ್ತು. ಲಾರ್ಡನ ಹೆಂಡತಿಗೆ.

ತೋಟ ನಾನು ಓದಿಕೊಂಡಿದ್ದಕ್ಕಿಂತಲೂ ಚೆನ್ನಾಗಿತ್ತು. ಆಳೆತ್ತರದ ಹಸಿರು ಬೇಲಿಗಳು, ಗೋಡೆಯ ಹಾಗೆ ಸಪಾಟು. ಕೆಲವು ಗಿಡಗಳನ್ನು ನವಿಲಿನ ಆಕಾರಕ್ಕೆ, ಕೆಲವನ್ನು ಚದುರಂಗದ ಕಾಯಿಗಳ ಆಕಾರಕ್ಕೆ ಕತ್ತರಿಸಿದ್ದರು. "ಇಲ್ಲಿ ಗಿಡಕ್ಕೂ ಕ್ಷೌರಾ ಮಾಡಸ್ತಾರ" ಎಂದರು ಅತ್ತೆ. ಅವರ ಧ್ವನಿಯಲ್ಲಿ ಮೆಚ್ಚುಗೆಯಿತ್ತೋ ಕನಿಕರವಿತ್ತೋ ತಿಳಿಯಲಿಲ್ಲ. ಗುಲಾಬಿಯ ಕಮಾನುಗಳ ಕೆಳಗೆ ನಡೆದೆವು. ಪ್ರತಿಯೊಂದನ್ನೂ ನಾನು ಎದುರಿನಿಂದ ಒಂದು, ಹಿಂದಿನಿಂದ ಒಂದು ಫೋಟೊ ತೆಗೆದೆ. ನನ್ನ ತಲೆಯಲ್ಲಿ ಒಂದು ಯೋಜನೆ ರೂಪುಗೊಳ್ಳುತ್ತಿತ್ತು. ಮನೆಯ ಮುಂದೆ ಕಮಾನು, ಕಮಾನಿನ ಮೇಲೆ ಬಳ್ಳಿ ಎನ್ನುವುದು ಇಂಗ್ಲೆಂಡಿನ ಘನವಾದ ಸಂಪ್ರದಾಯ ಎಂದು ಸಭೆಯಲ್ಲಿ ತೋರಿಸಿಬಿಟ್ಟರೆ ಶ್ರೀಕಂಠ ಅಂಕಲ್ ಏನು ಹೇಳಿಯಾರು?

ಆದರೆ ಇಲ್ಲಿ ಒಂದು ತೊಡಕು ಎದುರಾಯಿತು. ಮನೆಯ ಹಿಂದುಗಡೆ ಎತ್ತರದ ಇಟ್ಟಿಗೆ ಗೋಡೆ. ಅದರೊಳಗೆ ಹೋಗಿ ನೋಡಿದರೆ ಕೋಸು, ಈರುಳ್ಳಿ, ಹುರುಳಿಕಾಯಿ, ಕುಂಬಳ. ನಾನೂರು ವರ್ಷದಿಂದ ಲಾರ್ಡನ ಅಡುಗೆಮನೆಗೆ ತರಕಾರಿ ಒದಗಿಸಿದ ತೋಟ ಅದು. ಸಾಲಾಗಿ, ಅಂದವಾಗಿ, ಗೋಡೆಯ ಮರೆಯಲ್ಲಿ. ಮುಂದಿನಿಂದ ಯಾರ ಕಣ್ಣಿಗೂ ಬೀಳದ ಹಾಗೆ.

"ನೋಡ. ಲಾರ್ಡಂದೂ ತರಕಾರಿ ಹಿಂದನ ಐತಿ" ಎಂದರು ಅತ್ತೆ. ಅವರ ಮುಖ ಇಳಿದುಹೋಯಿತು. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಶ್ರೀಕಂಠ ಅಂಕಲ್ ಪರವಾದ ಸಾಕ್ಷ್ಯವನ್ನು ನಾನೇಕೆ ಸಂಗ್ರಹಿಸಲಿ?

ಮನೆಯ ಮುಂಭಾಗಕ್ಕೆ ಬಂದೆವು. ಅಲ್ಲಿ ಹುಲ್ಲುಹಾಸಿನ ಅಂಚಿಗೆ ಉದ್ದಕ್ಕೂ ಹೂವಿನ ಪಾತಿ. ಡೇಲಿಯಾ, ಗುಲಾಬಿ, ಹೆಸರು ಗೊತ್ತಿಲ್ಲದ ನೀಲಿ ಹೂವುಗಳು. ಜನ ಒಂದು ಕಡೆ ಗುಂಪಾಗಿ ಯಾವುದನ್ನೋ ಫೋಟೊ ತೆಗೆಯುತ್ತಿದ್ದರು. ಅತ್ತೆ ಗುಂಪಿನ ಸಂದಿಯಲ್ಲಿ ತಲೆ ತೂರಿಸಿದವರು ಹಾಗೆಯೇ ನಿಂತುಬಿಟ್ಟರು.

"ಮಾನಸಾ, ಅವರಿ."

ಕೋಲುಗಳನ್ನು ಗೋಪುರದ ಹಾಗೆ ಕಟ್ಟಿ ಅದರ ಮೇಲೆ ಹಬ್ಬಿಸಿದ್ದರು. ಅದೇ ಎಲೆ, ಅದೇ ನೇರಳೆ ಗೊಂಚಲು, ಅದೇ ಮಿನುಗುವ ಕಾಯಿ. ಪಕ್ಕದಲ್ಲಿ ಪುಟ್ಟ ಫಲಕ. ಅದರ ಮೇಲೆ ದೇವರ ಸಹಸ್ರನಾಮದಲ್ಲಿ ಬರುವಷ್ಟು ಗಂಭೀರವಾದ ಲ್ಯಾಟಿನ್ ಹೆಸರು. ದೊರೆಮನೆಯ ಮುಂಬಾಗಿಲಿಗೆ ನೇರ ಎದುರು, ಗುಲಾಬಿಗಳ ನಡುವೆ, ಧಾರವಾಡದ ಹಿತ್ತಿಲುಗಳಲ್ಲಿ ಬೇಲಿಗೆ ಬಿದ್ದು ಬೆಳೆಯುವ ನಮ್ಮ ಚಪ್ಪರದವರೆ ಸಿಂಹಾಸನ ಏರಿತ್ತು. ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ಅದರ ಮುಂದೆ ನಿಂತು ಗಂಡನಿಂದ ಫೋಟೊ ತೆಗೆಸಿಕೊಂಡಳು. ಎರಡನೇ ದರ್ಜೆಯದು ಎಂದಿದ್ದ ನಾಲಿಗೆಯನ್ನು ಅಲ್ಲಿಯೇ ಕಚ್ಚಿಕೊಂಡೆ. ಅತ್ತೆಯ ಬೆನ್ನು ಇನ್ನೂ ನೆಟ್ಟಗಾಯಿತು. ಆ ಗುಂಪಿನಲ್ಲಿ ಇದು ಏನೆಂದು ಬಲ್ಲವರು ನಾವಿಬ್ಬರೇ.

ಗುಂಪು ಚದುರಿತು. ನಾನು ಬಳ್ಳಿ, ಫಲಕ, ಹಿಂದಿನ ಮನೆ ಮೂರೂ ಒಂದೇ ಚೌಕಟ್ಟಿನಲ್ಲಿ ಬರಲೆಂದು ಹಿಂದೆ ಹಿಂದೆ ಸರಿಯುತ್ತಿದ್ದೆ. ಅತ್ತೆ ಬಳ್ಳಿಯ ಹತ್ತಿರ ಹೋಗಿ ಕಾಯಿ ತಿರುವಿ ನೋಡುತ್ತಿದ್ದರು. ಗೊಣಗುವುದು ಕೇಳಿಸುತ್ತಿತ್ತು. "ಯಾರೂ ಕೊಯ್ದ ಇಲ್ಲ. ನಾರ ಬಂದೈತಿ. ಇಷ್ಟ ಕಾಯಿ ಒಣಗಸಾಕತ್ತಾರ. ಕೊಯ್ಯಲಿಲ್ಲಂದ್ರ ಬಳ್ಳಿ ಹೂವಾ ಬಿಡೂದ ನಿಲ್ಲಸತೈತಿ, ಅಷ್ಟೂ ತಿಳೀಬಾರದ?"

"ಅತ್ತೆ, ಇಲ್ಲಿ ನೋಡಿ" ಎಂದೆ. ನೋಡಿದರು. ನಕ್ಕರು. ಫೋಟೊ ತೆಗೆದೆ. ಫೋಟೊ ಸರಿಯಾಗಿ ಬಂದಿದೆಯೇ ಎಂದು ಹಿಗ್ಗಿಸಿ ನೋಡಿದಾಗಲೇ ನನಗೆ ಗೊತ್ತಾದದ್ದು. ಅತ್ತೆಯ ಬಲಗೈ ಒಂದು ಗೊಂಚಲಿನ ಮೇಲಿತ್ತು. ಎಡಗೈಯಲ್ಲಿ ಸೆರಗಿನ ಮಡಿಲು. ಮಡಿಲಲ್ಲಿ ಒಂದು ಹೊತ್ತಿನ ಪಲ್ಯಕ್ಕಾಗುವಷ್ಟು ಅವರೆಕಾಯಿ. ಅದು ಕಳವಲ್ಲ, ಅತ್ತೆಯ ಮಟ್ಟಿಗೆ ಉಪಕಾರ. ಯಾರ ಹಿತ್ತಿಲಿಗೆ ಹೋದರೂ ಮಾತಾಡುತ್ತ ಮಾತಾಡುತ್ತ ನಾಲ್ಕು ಕಾಯಿ ಬಿಡಿಸಿ ಮನೆಯವರ ಕೈಗೆ ಕೊಟ್ಟು ಬರುವುದು ಅವರ ರೂಢಿ. ಕೈ ತನ್ನಷ್ಟಕ್ಕೆ ಹೋಗಿತ್ತು.

ನಾನು ಹತ್ತಿರ ಓಡುವಷ್ಟರಲ್ಲಿ ಹಸಿರು ಏಪ್ರನ್ ತೊಟ್ಟ, ಬಿಳಿಗೂದಲಿನ ಹೆಂಗಸೊಬ್ಬರು ನನಗಿಂತ ಮೊದಲೇ ಅಲ್ಲಿದ್ದರು. ಎದೆಯ ಮೇಲೆ ಸ್ವಯಂಸೇವಕಿ ಎಂಬ ಬಿಲ್ಲೆ. ನನ್ನ ಕಣ್ಣ ಮುಂದೆ ಪೊಲೀಸು, ವಿಮಾನ ತಪ್ಪುವುದು, ಗಿರೀಶನಿಗೆ ಮಾಡಬೇಕಾದ ಫೋನು ಎಲ್ಲ ಕ್ರಮವಾಗಿ ಹಾದುಹೋದವು. ಆಕೆ ಬಹಳ ಮೆಲ್ಲಗೆ, ಕಾಯಿಲೆಯವರನ್ನು ಮಾತಾಡಿಸುವ ಧ್ವನಿಯಲ್ಲಿ, ಇದು ವಿಷ, ಇವರು ಇದನ್ನು ತಿನ್ನುವುದಿಲ್ಲ ತಾನೆ ಎಂದು ನನ್ನನ್ನು ಕೇಳಿದರು.

"ಏನಂತಾಳಕಿ?" ಎಂದರು ಅತ್ತೆ.

"ವಿಷ ಅಂತೆ ಅತ್ತೆ."

ಅತ್ತೆ ಆಕೆಯನ್ನು ಕನಿಕರದಿಂದ ನೋಡಿದರು. "ಹಸೀದ ತಿಂದ್ರ ಹೊಟ್ಟಿ ಕೆಡತೈತಿ, ಖರೇನ. ಕುದಿಸಿ ತಿನ್ನಬೇಕ. ಹೇಳ ಆಕಿಗೆ. ನಮ್ಮ ಮುತ್ಯಾನ ಮುತ್ಯಾ ತಿಂದಾನ, ನಾನೂ ತಿಂದೀನಿ, ನಿಂತೀನಿಲ್ಲ?"

ನಾನು ಅನುವಾದಿಸಿದೆ. ಆಕೆ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ನಿಂತಿದ್ದಾರೆಂಬುದನ್ನು ಒಪ್ಪಿಕೊಂಡರು. ಅತ್ತೆ ಅಷ್ಟಕ್ಕೆ ಬಿಡದೆ ಪಲ್ಯದ ಕ್ರಮ ಹೇಳತೊಡಗಿದರು. ನಾರು ತೆಗೆಯುವುದು ಬಂತು, ಒಗ್ಗರಣೆ ಬಂತು. ಗುರೆಳ್ಳು ಪುಡಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ಹೊಳೆಯದೆ ಒಂದು ಬಗೆಯ ಕಪ್ಪು ಪುಡಿ ಎಂದೆ. ಆಕೆಯ ಮುಖ ಮತ್ತೆ ವಿಷದ ಕಡೆ ತಿರುಗಿತು. ಆಗ ಅತ್ತೆ ಕೈಚೀಲದಿಂದ ಡಬ್ಬಿ ತೆಗೆದು, ಮಡಿಲಿನ ಕಾಯಿಗಳ ಜೊತೆಗೇ ಆಕೆಯ ಮುಂದೆ ಹಿಡಿದರು. "ಮನ್ಯಾಗಿನವರಿಗೆ ಕೊಡಬೇಕಂತ ತಂದಿದ್ದೆ. ನೀವ ಮನ್ಯಾಗಿನವರ ಇದ್ದಂಗ."

ಇದರಲ್ಲಿ ಶೇಂಗಾ ಇದೆಯೇ ಎಂದು ಆಕೆ ಕೇಳಿದರು. ಶೇಂಗಾ ಬಿಟ್ಟರೆ ಬೇರೇನೂ ಹೆಚ್ಚಿಗೆ ಇಲ್ಲ ಎಂದೆ. ಆಕೆ ನಕ್ಕು, ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು, ತೋಟಗಾರರ ಚಹಾದ ಹೊತ್ತಿಗೆ ಆಗುತ್ತದೆ ಎಂದರು. ಕಾಯಿಯನ್ನೂ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಹೊರಡುವ ಮುಂಚೆ ಒಂದು ಮಾತು ಹೇಳಿದರು: ತಾನು ಇಲ್ಲಿ ಸೇವೆಗೆ ಸೇರಿದಂದಿನಿಂದ ಈ ಬಳ್ಳಿಯ ಕಾಯಿಯನ್ನು ಯಾರೂ ಕಿತ್ತಿದ್ದಿಲ್ಲ, ಇದು ಬರೀ ನೋಡುವುದಕ್ಕೆ. ಈ ಮಾತನ್ನು ನಾನು ಬಸ್ಸಿನಲ್ಲಿ ಕೂತ ಕೂಡಲೇ ಬರೆದುಕೊಂಡೆ. ನಮ್ಮ ಮೊಕದ್ದಮೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೆಲ್ಲಿ ಸಿಗಬೇಕು?

ಅಲೆನ್ನಿಗೆ ಬಂದಾಗ ಬಳ್ಳಿ ಸೊಕ್ಕಿ ನಿಂತಿತ್ತು. ಸಭೆಗೆ ವಾರವಿತ್ತು. ನಾನು ಆಫೀಸಿನಿಂದ ಬಂದು ಪ್ರತಿ ಸಂಜೆ ಚಿತ್ರಗಳನ್ನು ಜೋಡಿಸಿದೆ. ಬೇಲಿಗಳು, ನವಿಲುಗಳು, ಕಮಾನುಗಳು ಬೇಕಾದಷ್ಟು ಇದ್ದವು. ಅವರೆ ಇದ್ದದ್ದು ಒಂದೇ ಚಿತ್ರದಲ್ಲಿ; ಆಮೇಲೆ ಗಾಬರಿಯಲ್ಲಿ ಇನ್ನೊಂದು ತೆಗೆದಿರಲಿಲ್ಲ. ಅತ್ತೆಯ ಕೈ ಮತ್ತು ಮಡಿಲನ್ನು ಕತ್ತರಿಸಿದರೆ ಕಾಯಿಗಳೂ ಹೋಗುತ್ತಿದ್ದವು. ಕಾಯಿ ಉಳಿಸಿಕೊಂಡರೆ ಅತ್ತೆ ದೊರೆಮನೆಯ ತೋಟದಲ್ಲಿ ಸಿಕ್ಕಿಬಿದ್ದ ಹಾಗೆ ಕಾಣುತ್ತಿದ್ದರು. ಕೊನೆಗೆ ಅತ್ತೆಯ ನಗುಮುಖ, ಎರಡು ಎಲೆ, ಫಲಕದ ಅರ್ಧ ಉಳಿಯುವಂತೆ ಕತ್ತರಿಸಿದೆ.

ಸಭೆ ಬಡಾವಣೆಯ ಈಜುಕೊಳದ ಪಕ್ಕದ ಕೋಣೆಯಲ್ಲಿ. ಮೇಜಿನ ಹಿಂದೆ ಅಧ್ಯಕ್ಷರಾದ ಶ್ರೀಕಂಠ ಅಂಕಲ್. ಈಗ ಶೂ ಹಾಕಿಕೊಂಡಿದ್ದರು. ಅವರ ಎಡಕ್ಕೆ ಲಿಂಡಾ, ಪೂರ್ವ ಟೆಕ್ಸಾಸಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಹಿರಿಯಾಕೆ. ಬಲಕ್ಕೆ ಒಬ್ಬ ಯುವಕ. ಅವನು ಫೋನಿನಲ್ಲಿ ಮುಳುಗಿದ್ದ. ಅತ್ತೆ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ಗಿರೀಶ. ನಾನು ಶುರುಮಾಡಿದೆ. ಇಂಗ್ಲೆಂಡಿನ ತೋಟಗಳ ಚರಿತ್ರೆ, ಮುಂಭಾಗದ ಕಮಾನಿನ ಮಹತ್ವ, ಸಮ್ಮಿತಿ. ಹನ್ನೊಂದನೆಯ ನವಿಲು ಬರುವಾಗ ಲಿಂಡಾ ಆಕಳಿಸಿದರು. ಶ್ರೀಕಂಠ ಅಂಕಲ್ ಮೈಕು ಮುಚ್ಚಿ ಕನ್ನಡದಲ್ಲಿ, "ವಿಷಯಕ್ಕೆ ಬಾಮ್ಮ" ಎಂದರು.

ಕತ್ತರಿಸಿದ ಚಿತ್ರ ತೋರಿಸಿದೆ. ಇದರಲ್ಲಿ ನಿಮ್ಮ ಅತ್ತೆ ಮಾತ್ರ ಕಾಣುತ್ತಿದ್ದಾರೆ, ಸುಂದರವಾಗಿದ್ದಾರೆ, ಬಳ್ಳಿ ಎಲ್ಲಿ ಎಂದು ಲಿಂಡಾ ಕೇಳಿದರು.

"ಮಾನಸಾ, ಪೂರ್ತಿ ತೋರಸ" ಎಂದರು ಅತ್ತೆ.

"ಅತ್ತೆ, ಬೇಡ."

"ಯಾಕ ಬ್ಯಾಡ? ನಾ ಏನ ಮಾಡೀನಿ ಅಂತ ಮುಚ್ಚಾಕತ್ತಿ?"

ಪೂರ್ತಿ ತೋರಿಸಿದೆ. ಗೋಡೆಯ ಮೇಲೆ ಅತ್ತೆ ಆಳೆತ್ತರಕ್ಕೆ ಮೂಡಿದರು. ಹಿಂದೆ ದೊರೆಮನೆ, ಪಕ್ಕದಲ್ಲಿ ಲ್ಯಾಟಿನ್ ಫಲಕ, ಮಡಿಲ ತುಂಬ ಅವರೆ.

"ಮೇಡಂ, ನೀವು ಅಲ್ಲಿ ಏನು ಮಾಡ್ತಾ ಇದೀರಿ?" ಎಂದು ಶ್ರೀಕಂಠ ಅಂಕಲ್ ಕೇಳಿದರು.

"ಕಾಯಿ ಬಿಡಸಾಕತ್ತೇನ್ರಿ."

ಇಲ್ಲಿ ನಾನು ನಡುವೆ ಧುಮುಕಿದೆ. ನನ್ನ ಜೀವಮಾನದಲ್ಲಿ ಅಷ್ಟು ನಿರರ್ಗಳವಾಗಿ ನಾನು ಯಾವತ್ತೂ ಮಾತಾಡಿಲ್ಲ. ಇದು ಹಿರಿಯರೊಬ್ಬರ ಅಭ್ಯಾಸಬಲ ಮಾತ್ರ. ಆ ಮನೆಯಲ್ಲಿ ಈ ಬಳ್ಳಿ ಗುಲಾಬಿಗೆ ಸಮಾನ. ಅಲ್ಲಿನ ಸ್ವಯಂಸೇವಕಿಯ ಮಾತಿನಲ್ಲೇ ಹೇಳುವುದಾದರೆ ಯಾವ ಕೈಯೂ ಇದರ ಕಾಯಿಯನ್ನು ಮುಟ್ಟಿದ್ದಿಲ್ಲ. ಇದನ್ನು ತರಕಾರಿ ಎನ್ನುವುದು ನವಿಲನ್ನು ಕೋಳಿ ಎಂದ ಹಾಗೆ. ಆ ನವಿಲು ಕೋಳಿ ಪೂರ್ವಸಿದ್ಧತೆಯಲ್ಲಿ ಇರಲಿಲ್ಲ, ಆಗಲೇ ಹೊಳೆದದ್ದು. ಫೋನಿನ ಯುವಕನೂ ಒಮ್ಮೆ ತಲೆಯೆತ್ತಿದಂತೆ ನನಗನ್ನಿಸಿತು. ಗಿರೀಶ ಒಪ್ಪುವುದಿಲ್ಲ.

ಲಿಂಡಾ ಮುಂದೆ ಬಾಗಿ ಚಿತ್ರವನ್ನೇ ನೋಡುತ್ತಿದ್ದರು. ತನ್ನ ಅಜ್ಜಿಯ ಮನೆಯ ವರಾಂಡಕ್ಕೆ ಇದೇ ಬಳ್ಳಿ ಹಬ್ಬಿಸಿದ್ದರು, ಮರೆತೇಹೋಗಿತ್ತು, ಇದು ಇಷ್ಟು ದೊಡ್ಡವರ ಮನೆಯಲ್ಲೂ ಇರುತ್ತದೆಂದು ಗೊತ್ತಿರಲಿಲ್ಲ ಎಂದರು. ಕಣ್ಣು ಒರೆಸಿಕೊಂಡರು. ಆಮೇಲೆ ಮೂವರೂ ತಲೆ ಕೂಡಿಸಿ ಪಿಸುಗುಟ್ಟಿದರು. ಶ್ರೀಕಂಠ ಅಂಕಲ್ ತೀರ್ಪು ಓದಿದರು: ಬಳ್ಳಿ ಅಲಂಕಾರದ್ದು, ಉಳಿಯಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ಅವರು ಮುಂದುವರಿಸಿದರು: ಅಲಂಕಾರದ್ದು ಆದ್ದರಿಂದ ಶ್ರೀಮತಿ ಮಾನಸಾ ಅವರು ವಿವರಿಸಿದ ಸಂಪ್ರದಾಯದಂತೆ ಇದರ ಕಾಯಿಯನ್ನು ಕೊಯ್ಯತಕ್ಕದ್ದಲ್ಲ, ಕೊಯ್ದರೆ ಅದು ತರಕಾರಿಯಾಗುತ್ತದೆ.

ನಾನು ಧನ್ಯವಾದ ಹೇಳಿದೆ. ಕಾರಿನಲ್ಲಿ ಕೂತು ಅತ್ತೆ ಸೀಟ್‌ಬೆಲ್ಟ್ ಹಾಕಿಕೊಂಡರು. ಆಮೇಲೆ, "ನೀ ಇಷ್ಟ ಚಂದ ಮಾತಾಡಬಾರದಿತ್ತು, ಮಾನಸಾ" ಎಂದರು.

ಹಾಗೆಂದು ಅವರು ಸೋತವರ ಹಾಗೆ ಇಲ್ಲ. ಕುರ್ಚಿ ಕಮಾನಿನ ಕೆಳಗೇ ಇದೆ. ಚೀನೀ ಅಜ್ಜಿ ತಪ್ಪದೆ ಬರುತ್ತಾರೆ. ಲಿಂಡಾ ವಾರಕ್ಕೊಮ್ಮೆ ತನ್ನ ಕುರ್ಚಿಯನ್ನೂ ತಂದು ಪಕ್ಕದಲ್ಲಿ ಹಾಕಿಕೊಳ್ಳುತ್ತಾರೆ. ಹ್ಯೂಸ್ಟನ್ನಿನ ಭಾವನವರು ಬಂದು, ಬಳ್ಳಿಯನ್ನು ಸುತ್ತಿ ನೋಡಿ, "ನಮ್ಮಲ್ಲಿ ಮಳಿ ಜಾಸ್ತಿ, ಅದಕ್ಕ ಇಷ್ಟ ಬಣ್ಣ ಬರಂಗಿಲ್ಲ" ಎಂದು ಒಪ್ಪಿಕೊಂಡರು. ನಮ್ಮ ಮನೆತನದಲ್ಲಿ ಹ್ಯೂಸ್ಟನ್ ಸೋಲೊಪ್ಪಿದ್ದು ಅದೇ ಮೊದಲು. ಶ್ರೀಕಂಠ ಅಂಕಲ್ ಹೊಸದಾಗಿ ಮನೆ ಕೊಳ್ಳುವವರನ್ನು ಕರೆತಂದು ನಮ್ಮ ಬಾಗಿಲು ತೋರಿಸುತ್ತಾರೆ. ಒಂದು ಬೆಳಿಗ್ಗೆ ಮಾತ್ರ ಒಬ್ಬರೇ ಬಂದು, ತುಂಬ ಹೊತ್ತು ಕಾಯಿಗಳನ್ನೇ ನೋಡುತ್ತ ನಿಂತರು.

"ನಾರು ಬರ್ತಾ ಇದೆ ಅಲ್ವಾ ಮೇಡಂ?"

"ಬರಲಿ ಬಿಡ್ರಿ. ಅಲಂಕಾರ" ಎಂದರು ಅತ್ತೆ.

ಅವರು ಉಗುಳು ನುಂಗಿ ಮುಂದೆ ನಡೆದರು.

ಪಲ್ಯ ಬಿಡಲು ಮಾತ್ರ ಆಗಲಿಲ್ಲ. ಹಾಗಾಗಿ ಶನಿವಾರ ನಾನು ಹತ್ತಿರದ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಗೆ ಹೋಗಿ ಚಪ್ಪರದವರೆ ಕೊಂಡು, ಯಾರಿಗೂ ಕಾಣದಂತೆ ಗರಾಜಿನ ಮೂಲಕ ಒಳಗೆ ತರುತ್ತೇನೆ. ಮೊನ್ನೆಯೂ ತಂದೆ. ಅತ್ತೆ ಬಾಣಲೆ ಇಟ್ಟಿದ್ದರು. ನಾರು ಬಿಡಿಸಿ ಮುಗಿಸುವಷ್ಟರಲ್ಲಿ ಹೊರಗೆ ಯಾರೋ ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದು ಕಿಟಕಿಯಲ್ಲಿ ಕಂಡಿತು. ಜೀನ್ಸಿಗೆ ಕೈ ಒರೆಸಿಕೊಂಡು ಹೊರಗೆ ಹೋದೆ. ಅವರಾಗಿಯೇ ಕೇಳಲಿ ಎಂದು ಒಂದು ಎಲೆಯನ್ನು ಸರಿಪಡಿಸುವವಳ ಹಾಗೆ ನಿಂತೆ. ಕೇಳಿದರು. ಗಂಟಲು ಸರಿಮಾಡಿಕೊಂಡು ನಾನೂರು ವರ್ಷದಿಂದ ಶುರುಮಾಡಿದೆ. ಅವರು ಭಕ್ತಿಯಿಂದ ಕೇಳಿಸಿಕೊಂಡು, ಕೊನೆಗೆ, ಇದನ್ನು ತಿನ್ನುತ್ತಾರಾ ಎಂದರು.

"ಛೆ, ಎಲ್ಲಾದರೂ ಉಂಟೇ" ಎನ್ನುವ ಮುಖ ಮಾಡಿ, ಇದು ಬರೀ ನೋಡುವುದಕ್ಕೆ ಎಂದೆ. ನನ್ನ ಬೆನ್ನ ಹಿಂದಿನಿಂದ ಗುರೆಳ್ಳು ಪುಡಿ ಬೆರೆತ ಅವರೆ ಪಲ್ಯದ ಘಮ ತೇಲಿ ಬಂತು. ಮಾತು ನಿಲ್ಲಿಸದೆ, ಕೈ ಹಿಂದೆ ಚಾಚಿ ಬಾಗಿಲು ಎಳೆದುಕೊಂಡೆ.